ಕಾಲಿನ ಹಂಪಿ, ಕಣ್ಣಿನ ಹಂಪಿ

ಕಾಲಿದ್ದರೆ ಹಂಪಿ ನೋಡು, ಕಣ್ಣಿದ್ದರೆ ಕನಕಗಿರಿ ನೋಡು ಅನ್ನುವುದು ಬಳ್ಳಾರಿ, ಕೊಪ್ಪಳ ಸೀಮೆಯ ಹಳೆಯ ಮಾತು. ಆ ಲೆಕ್ಕದಲ್ಲಿ ಹಂಪಿ ನಡೆದು ತೀರಿಸಬೇಕಾದ ಊರು. ಬಿಸಿಲು, ಬಂಡೆ, ಹೊಳೆ, ಗುಡಿ ಎಲ್ಲವನ್ನೂ ಅಂಗಾಲಿನಿಂದ ಅಳೆಯಬೇಕು. ಫೋಟೊ ಪ್ರದರ್ಶನದ ಗೋಡೆಗೆ ತೂಗುಹಾಕಿದ ಹಂಪಿಯೇ ಬೇರೆ. ಮಾತಂಗ ಬೆಟ್ಟದ ನೆತ್ತಿಯಿಂದ ಕಂಡ ನಸುಕು, ಮಂಜಿನಲ್ಲಿ ತೇಲುವ ಗೋಪುರ, ಹೊಂಬಣ್ಣಕ್ಕೆ ತಿರುಗಿದ ಬಂಡೆಗಳು, ಎಲ್ಲೂ ಒಂದು ನರಪಿಳ್ಳೆ ಇಲ್ಲ. ನೋಡಿದವರು ‘ಎಷ್ಟು ಪ್ರಶಾಂತ’ ಎಂದು ತಲೆದೂಗುತ್ತಾರೆ. ಈ ಪ್ರಶಾಂತಿಯನ್ನು ನಾವು ನಿಸರ್ಗದ ಗುಣವೆಂದೇ ನಂಬಿಬಿಟ್ಟಿದ್ದೇವೆ. ಅದು ಬಹುಮಟ್ಟಿಗೆ 1850ರ ದಶಕದ ಒಂದು ಮಂದ ಕಾಗದದ ಗುಣ ಎಂಬುದು ನನ್ನ ವಾದ. ರಸಾಯನದ ಇತಿಮಿತಿ ಬರುಬರುತ್ತಾ ಅಭಿರುಚಿಯಾಯಿತು, ಅಭಿರುಚಿ ನಿಯಮವಾಗಿ ಕೂತಿತು.

ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯ ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಆ ಜಾಗದ ಅತಿ ಹಳೆಯ ಫೋಟೊಗಳ ಸಾಲಿನಲ್ಲಿ ಅವು ನಿಲ್ಲುತ್ತವೆ. ಅವನು ಬಳಸಿದ್ದು ಕ್ಯಾಲೊಟೈಪ್ ವಿಧಾನ. ಒಂದೂಕಾಲು ಅಡಿಗೂ ಮಿಕ್ಕಿದ ಕಾಗದಕ್ಕೆ ಮೇಣ ಕುಡಿಸಿ, ಬೆಳ್ಳಿಯ ಲವಣ ಹತ್ತಿಸಿ, ಮರದ ಕ್ಯಾಮೆರಾದೊಳಗೆ ಇಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಅಷ್ಟು ಹೊತ್ತು ಕದಲದೆ ನಿಂತದ್ದಷ್ಟೇ ಕಾಗದದಲ್ಲಿ ನಿಲ್ಲುತ್ತದೆ. ಕಲ್ಲು ನಿಂತಿತು. ಆ ಹೊತ್ತಿನಲ್ಲಿ ಕೊಡ ಹೊತ್ತು ದಾಟಿದ ಹೆಂಗಸಿರಲಿ, ಮೇಯುತ್ತ ಸರಿದ ದನವಿರಲಿ, ಕಲೆಯಾಗಿಯೂ ಉಳಿಯುವ ಭರವಸೆ ಇಲ್ಲ. ಗಾಳಿಗೆ ಆಡಿದ ಮರದ ಎಲೆಗಳು ಹಿಂಜಿದ ಹತ್ತಿಯಂತೆ ಕಾಣುತ್ತವೆ. ಆಕಾಶದ್ದೂ ಇದೇ ಪಾಡು. ನೀಲಿ ಬೆಳಕು ಆ ಕಾಗದಕ್ಕೆ ಬಲು ಬೇಗ ತಾಗುತ್ತಿತ್ತು, ಹಸಿರು ಕೆಂಪುಗಳು ತಾಗುತ್ತಲೇ ಇರಲಿಲ್ಲ ಎನ್ನಬೇಕು. ಹೀಗಾಗಿ ಮೋಡವಿದ್ದರೂ ಬಾನು ಬೋಳು ಬಿಳಿ, ಗಿಡಮರ ಮಸಿ. ಹಳೇಬೀಡು, ಬೇಲೂರುಗಳನ್ನು 1854ರಲ್ಲಿ ಚಿತ್ರಿಸಿದ ಲಿನೀಯಸ್ ಟ್ರೈಪ್ ಈ ಬೋಳುತನ ಸಹಿಸದೆ ನೆಗೆಟಿವ್‌ಗಳ ಮೇಲೆ ಕೈಯಾರೆ ಮೋಡಗಳನ್ನೂ ಎಲೆಗಳನ್ನೂ ಬರೆದು ತಿದ್ದಿದ ಉದಾಹರಣೆಗಳಿವೆ. ಅವನ ಮೈಸೂರು ಸೀಮೆಯ ಚಿತ್ರಗಳು 1855ರ ಮದರಾಸು ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿದವು. ಫೋಟೊಶಾಪ್ ಬಂದ ಮೇಲೆ ಕಲಿಗಾಲ ಬಂತು ಎನ್ನುವವರು ಇದನ್ನು ಗಮನಿಸಬೇಕು.

ಗ್ರೀನ್‌ಲಾ ಹೊರಟಿದ್ದು ಕಟ್ಟಡ ದಾಖಲಿಸಲು, ಜನರನ್ನಲ್ಲ. ಇಲ್ಲದ್ದನ್ನು ಹುಡುಕಿ ಅವನ ಮೇಲೇಕೆ ತಪ್ಪು ಹೊರಿಸಬೇಕು ಎಂದು ಯಾರಾದರೂ ಕೇಳಬಹುದು. ತಪ್ಪು ಹೊರಿಸುವ ಮಾತೇ ಇಲ್ಲ. ಅವನ ಋಣ ಎಷ್ಟೆಂಬುದಕ್ಕೆ ವಿಠ್ಠಲ ಗುಡಿಯ ಕಲ್ಲಿನ ತೇರೊಂದೇ ಸಾಕು. ಅವನ ಚಿತ್ರದಲ್ಲಿ ತೇರಿನ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವಿದೆ. ಮುಂದೆ ಅದನ್ನು ಇಳಿಸಿಬಿಟ್ಟರು. 2017ರಿಂದ 50 ರೂಪಾಯಿ ನೋಟಿನ ಮೇಲೆ ಕೈಯಿಂದ ಕೈಗೆ ಓಡಾಡುತ್ತಿರುವುದು ಶಿಖರವಿಲ್ಲದ ಆ ಮೊಂಡು ತೇರೇ. ಕಲ್ಲಿನ ವಿಷಯದಲ್ಲಿ ಗ್ರೀನ್‌ಲಾನ ಕಾಗದ ಅಪ್ಪಟ ಸಾಕ್ಷಿ. ಕಲ್ಲಿನ ಸುತ್ತ ಬದುಕುತ್ತಿದ್ದವರ ವಿಷಯದಲ್ಲಿ ಅದು ಸಾಕ್ಷಿಯಾಗಲಾರದು, ಅಷ್ಟೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಆಮೇಲಿನ ನೋಡುಗರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹಂಪಿ ನಿಜಕ್ಕೂ ಪಾಳು ಬಿದ್ದಿತ್ತಲ್ಲ, ‘ಹಾಳು ಹಂಪಿ’ ಎಂದು ಕನ್ನಡಿಗರೇ ಕರೆಯಲಿಲ್ಲವೇ? ಕರೆದರು. 1565ರ ನಂತರ ರಾಜಧಾನಿ ಹಾಳಾಯಿತು, ಅರಮನೆಗಳು ಕುಸಿದವು. ಆದರೆ ವಿರೂಪಾಕ್ಷನ ಪೂಜೆ ಮುಂದುವರಿಯಿತು, ಚೈತ್ರದಲ್ಲಿ ತೇರು ಎಳೆಯುವುದು ಇವತ್ತಿಗೂ ನಡೆದಿದೆ. ವಿಜಯನಗರದ ಕಾಲದ ತುರ್ತಾ ಕಾಲುವೆ ಗದ್ದೆಗೆ ನೀರುಣಿಸುತ್ತಲೇ ಬಂದಿದೆ. ಆ ನೀರಿನಲ್ಲಿ ಬಾಳೆ, ಭತ್ತ ಬೆಳೆಯುವವನಿಗೆ ಅದು ಸ್ಮಾರಕವಲ್ಲ, ಕಾಲುವೆ. ರಾಬರ್ಟ್ ಸಿವೆಲ್ 1900ರಲ್ಲಿ ತನ್ನ ಪುಸ್ತಕವನ್ನು ‘ಮರೆತ ಸಾಮ್ರಾಜ್ಯ’ ಎಂದು ಕರೆದಾಗ, ಮರೆತವರು ಯಾರು ಎಂದು ಜಾತ್ರೆಗೆ ಬಂದವರನ್ನು ಕೇಳಿ ನೋಡಬೇಕಿತ್ತು.

ಕ್ಷಣಾರ್ಧದಲ್ಲಿ ಚಿತ್ರ ಹಿಡಿಯುವ ಫಿಲ್ಮ್ ಬಂದ ಮೇಲೆ ಈ ನಿರ್ಜನತೆಗೆ ತಾಂತ್ರಿಕ ಕಾರಣ ಉಳಿಯಲಿಲ್ಲ. ಆದರೂ ಅದು ಹೋಗಲಿಲ್ಲ. ಜನ ಬರುವ ಮುನ್ನ ಬೆಟ್ಟ ಹತ್ತುವುದು, ಬಂದರೆ ಕಾಯುವುದು, ಕಾದರೂ ಸರಿಯದಿದ್ದರೆ ಕಂಪ್ಯೂಟರಿನಲ್ಲಿ ಅಳಿಸುವುದು ಕಸುಬಿನ ಭಾಗವಾಯಿತು. ಫೋಟೊ ಸ್ಪರ್ಧೆಗಳು ಪಾಲಿಸುವ ಅಂತಾರಾಷ್ಟ್ರೀಯ ‘ನೇಚರ್’ ವಿಭಾಗದ ವ್ಯಾಖ್ಯೆಯಂತೂ ಕೆಲವು ವಿನಾಯಿತಿ ಬಿಟ್ಟರೆ ಮನುಷ್ಯನ ಗುರುತುಗಳನ್ನೇ ಹೊರಗಿಡುತ್ತದೆ. ಕಾಡುಪ್ರಾಣಿಯ ಚಿತ್ರಕ್ಕೆ ಅದು ಸರಿಯೇ. ಅದೇ ಕಣ್ಣನ್ನು ಊರಿನ ಮೇಲೂ ನೆಟ್ಟರೆ ಊರು ಕಾಡಾಗುತ್ತದೆ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಿದ್ದು ಕಾನೂನು, ಸಂರಕ್ಷಣೆಯ ಕಾರಣಗಳಿಂದ. ಫೋಟೊ ನೋಡಿ ಯಾರೂ ಬುಲ್ಡೋಜರ್ ಕಳಿಸಲಿಲ್ಲ. ಆದರೆ ತೆರವಾದ ಬೀದಿಯೇ ‘ಸಹಜ’ ಹಂಪಿ ಎಂದು ಬಹಳ ಮಂದಿಗೆ ಅನ್ನಿಸಿದ್ದರೆ, ಆ ಅನ್ನಿಸಿಕೆಯನ್ನು ನೂರೈವತ್ತು ವರ್ಷಗಳ ಚಿತ್ರಗಳು ಸಾಕಿ ಬೆಳೆಸಿದ್ದವು ಎಂದೇ ಹೇಳುತ್ತೇನೆ.

ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾನ ಕ್ಯಾಮೆರಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಜೋಡಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಬಿತ್ತು, ಯಾವುದನ್ನು ಇಳಿಸಿದರು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ನಮ್ಮ ಊರುಗಳ ಪ್ರದರ್ಶನಗಳಲ್ಲಿ ಇಂಥ ಜೋಡಿಯ ಪಕ್ಕ ಮೂರನೆಯ ಚೌಕಟ್ಟೊಂದಕ್ಕೂ ಮೊಳೆ ಹೊಡೆಯಬಹುದು: ಅದೇ ಜಾಗ, ಜಾತ್ರೆಯ ಮಧ್ಯಾಹ್ನ, ಮಂಟಪದ ನೆರಳಿನಲ್ಲಿ ಬುತ್ತಿ ಬಿಚ್ಚಿದ ಸಂಸಾರ, ಕಂಬಕ್ಕೆ ಆತು ನಿದ್ದೆ ಹೋದ ಮುದುಕ, ಅವನ ಪಕ್ಕ ಕಳಚಿಟ್ಟ ಒಂದು ಜೊತೆ ಚಪ್ಪಲಿ.