ಪಕ್ಷ

ಸಂಸ್ಕೃತದ ‘ಪಕ್ಷ’ಕ್ಕೆ ರೆಕ್ಕೆ ಎಂಬುದು ಹಳೆಯ ಅರ್ಥ, ರೆಕ್ಕೆಯುಳ್ಳದ್ದು ಪಕ್ಷಿ. ರೆಕ್ಕೆಯಿಂದ ‘ಮಗ್ಗುಲು’, ಆಮೇಲೆ ‘ಕಡೆ’. ತಿಂಗಳಿಗೆ ಎರಡು ಪಕ್ಷ. ಒಂದು ಮಗ್ಗುಲು ಬಿದ್ದುಹೋದರೆ ಪಕ್ಷಾಘಾತ, ಆಡುಮಾತಿನಲ್ಲಿ ಲಕ್ವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೇನಾವ್ಯೂಹದ ಎಡಬಲದ ಪಡೆಗಳೂ ಪಕ್ಷಗಳೇ. ನಡುವಿನ ಪಡೆ ಉರಸ್ಯ, ಎಂದರೆ ಎದೆ.

ಮನೆಯೊಳಗೆ ಈ ಪದಕ್ಕೆ ಗೌರವ ಹೆಚ್ಚು. ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಪಕ್ಷ ಮಾಡುವುದು’ ಎಂದರೆ ಭಾದ್ರಪದದ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವುದು. ಮದುವೆಯಲ್ಲಿ ವರಪಕ್ಷ, ವಧುಪಕ್ಷ. ಧಾರೆ ಎರೆದಾದ ಮೇಲೆ ಇಬ್ಬರೂ ಬೀಗರು. (ಜಗಳ ಆಮೇಲೂ ಇರುತ್ತದೆ, ಆ ಮಾತು ಬೇರೆ.)

ರಾಜಕೀಯ ಪಕ್ಷ ಎಂಬುದು ಇವೆಲ್ಲಕ್ಕಿಂತ ಈಚಿನ ಬಳಕೆ, ಗದ್ದಲವೂ ಅದರದೇ ಜಾಸ್ತಿ. ಅದರಿಂದ ಹುಟ್ಟಿದ ‘ಪಕ್ಷಾಂತರ’ವನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತರಬೇಕಾಯಿತು. ನಾನು ಹಳೇ ಕಾಲದವನು: ಈ ಅರ್ಥ ಊಟದ ಪಂಕ್ತಿಗೂ ಸೇನಾ ಶಿಬಿರಕ್ಕೂ ಬರಕೂಡದು ಎನ್ನುವವನು. ಸೈನಿಕರು ಪಕ್ಷದ ಸಭೆಗಳಲ್ಲಿ ಪಾಲ್ಗೊಳ್ಳದಂತೆ 1954ರ ಸೇನಾ ನಿಯಮಗಳೇ ತಡೆದಿವೆ. ಮನೆಗಳಿಗೆ ಅಂಥ ನಿಯಮವಿಲ್ಲ, ಹಿರಿಯರ ಗದರಿಕೆಯೊಂದೇ. ಈ ಪದಕ್ಕೆ ಇನ್ನೊಂದು ಬಳಕೆಯೂ ಉಂಟು: ಶಾಸ್ತ್ರಚರ್ಚೆಯಲ್ಲಿ ‘ಪೂರ್ವಪಕ್ಷ’ ಎಂದರೆ ಎದುರಾಳಿಯ ವಾದವನ್ನು ಮೊದಲು ನಾವೇ ಸರಿಯಾಗಿ ಹೇಳುವುದು. ನಮ್ಮ ಪಕ್ಷಗಳ ವಕ್ತಾರರು ಈ ಒಂದು ಬಳಕೆಯನ್ನಾದರೂ ಕಲಿಯಬಹುದಿತ್ತು.