ಅಪಾಯವನ್ನರುಹುವ ಹಕ್ಕು

ಕಾರ್ಖಾನೆಯಲ್ಲಿ ಅಪಾಯದ ಮೊದಲ ಕುರುಹು ಕಾಣುವುದು ಯಂತ್ರದ ಬಳಿ ನಿಂತವನಿಗೆ. ಆದರೂ ಅವನ ಮಾತಿಗೆ ನಮ್ಮ ಶಾಸನದಲ್ಲಿ ಎಡೆ ದೊರೆತುದು ಬಹು ತಡವಾಗಿ. 1948ರ ಕಾರ್ಖಾನೆಗಳ ಕಾಯಿದೆಯನ್ನು ನೋಡಬಹುದು. ನಡೆದುಹೋದ ಅಪಘಾತವನ್ನು ಸರ್ಕಾರಕ್ಕೆ ತಿಳಿಸುವ ಹೊಣೆಯನ್ನು ಅದರ 88ನೆಯ ಕಲಮು ವ್ಯವಸ್ಥಾಪಕನ ಮೇಲೆ ಹೊರಿಸಿತು. 111ನೆಯ ಕಲಮು ಕಾರ್ಮಿಕನ ಕರ್ತವ್ಯಗಳನ್ನು ವಿಧಿಸಿತು. ಅವನ ಹಕ್ಕುಗಳನ್ನು ಹೇಳುವ ಕಲಮಿಗೆ ಇನ್ನೂ 39 ವರ್ಷ ಕಾಯಬೇಕಾಯಿತು.

ಆ ಕೊರತೆಯನ್ನು ತೋರಿಸಿಕೊಟ್ಟುದು ಭೋಪಾಲದ ದುರಂತ. ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಕಾರ್ಮಿಕ ಸಂಘದವರು 1982ರಲ್ಲಿಯೇ ಭಿತ್ತಿಪತ್ರಗಳನ್ನಂಟಿಸಿ ಊರಿನವರನ್ನು ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಕೇಳಲೇಬೇಕೆಂಬ ಕಟ್ಟು ಯಾರ ಮೇಲೂ ಇರಲಿಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ವಿಷಾನಿಲವು ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು.

ಕೋಟೆ ಕೊಳ್ಳೆಹೋದ ಮೇಲೆ ಊರಬಾಗಿಲು ಹಾಕಿದಂತೆ, 1987ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಹೊಸದಾಗಿ ಸೇರಿದ 41-ಎಚ್ ಕಲಮಿನ ಮೇರೆಗೆ, ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಯಲ್ಲಿ ಸನ್ನಿಹಿತ ವಿಪತ್ತನ್ನು ಶಂಕಿಸಿದ ಕಾರ್ಮಿಕನು ಆಡಳಿತಕ್ಕೂ ಜೊತೆಯಲ್ಲಿಯೇ ಸರ್ಕಾರದ ತನಿಖಾಧಿಕಾರಿಗೂ ಅದನ್ನು ತಿಳಿಸಬಹುದಾಗಿತ್ತು. ಆಡಳಿತವು ಕೂಡಲೇ ಪರಿಹಾರ ಕೈಗೊಳ್ಳಬೇಕು. ವಿಪತ್ತಿಲ್ಲವೆಂದು ತೋರಿದರೆ ವಿಷಯವನ್ನು ತನಿಖಾಧಿಕಾರಿಗೆ ಒಪ್ಪಿಸಬೇಕು. ಆತನ ತೀರ್ಮಾನವೇ ಕಡೆಯದು. ಎಚ್ಚರಿಸಿದವನನ್ನು ಕೆಲಸದಿಂದ ತೆಗೆಯಕೂಡದೆಂಬ ಮಾತು ಮಾತ್ರ ಆ ಕಲಮಿನಲ್ಲಿರಲಿಲ್ಲ. ಕೆಲಸ ನಿಲ್ಲಿಸಿ ಹೊರಬರುವ ಅಧಿಕಾರವನ್ನೂ ಅದು ಕೊಡಲಿಲ್ಲ.

ಕಾಯಿದೆಯಿದ್ದ ಮಾತ್ರಕ್ಕೆ ಎಚ್ಚರಿಕೆ ಕೇಳಿಸುವುದಿಲ್ಲವೆಂಬುದಕ್ಕೆ ವಿಶಾಖಪಟ್ಟಣವೇ ಸಾಕ್ಷಿ. 2020ರ ಮೇ 7ರ ಬೆಳಗಿನ ಜಾವ, ಆರ್.ಆರ್. ವೆಂಕಟಾಪುರದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಲ್ಲಿ ಸ್ಟೈರೀನ್ ತಾನಾಗಿ ಕಾವೇರಿ ಆವಿಯಾಗಿ ಸೋರಿ, ನಿದ್ರಿಸುತ್ತಿದ್ದ ಊರನ್ನು ಕವಿಯಿತು. ಹನ್ನೆರಡು ಮಂದಿ ಮಡಿದರು. ರಾಜ್ಯ ಸರ್ಕಾರದ ಉನ್ನತಾಧಿಕಾರ ಸಮಿತಿಯ ವರದಿಯಂತೆ, 36 ಕಡೆಗಳಿಂದ ಮೊಳಗಿಸಬಹುದಾಗಿದ್ದ ಸೈರನ್ ಮೊಳಗಲೇ ಇಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಹಳೆಯ ಕಾಯಿದೆಯ ಸ್ಥಾನವನ್ನು ಪಡೆದು, ಅಪಾಯವನ್ನು ತಿಳಿಸುವ ಹಕ್ಕನ್ನು ಅಪಾಯಕಾರಿ ಕಾರ್ಖಾನೆಗಳಾಚೆಗೂ ವಿಸ್ತರಿಸಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಸೈರನ್ ಇದ್ದರೆ ಸಾಲದು, ಅದನ್ನು ಒತ್ತುವ ಕೈಗೆ ಅಂಜಿಕೆಯಿರಬಾರದು. ನಾಳೆಯ ಕೂಲಿಗೆ ಗುತ್ತಿಗೆದಾರನ ಮುಖ ನೋಡಬೇಕಾದವನು ಇಂದು ಬಾಯಿ ತೆರೆಯುವನೆ? ಆ ಅಂಜಿಕೆಯನ್ನು ನೀಗಿಸುವ ರಕ್ಷಣೆ ದೊರೆತಂದೇ ಈ ಹಕ್ಕು ಪೂರ್ಣವಾಗುತ್ತದೆ.