ಹಿತ್ತಲ ಬೇಲಿಯ ಕವಳಿ

ಗದಗದಿಂದ ಶಿರಹಟ್ಟಿ, ಮುಂಡರಗಿಗಳ ಕಡೆಗೆ ಹಬ್ಬಿರುವ ಕಪ್ಪತಗುಡ್ಡದ ಇಳಿಜಾರುಗಳಲ್ಲಿ, ವೈಶಾಖದ ಬಿಸಿಲು ಹುಲ್ಲನ್ನೆಲ್ಲ ಸುಟ್ಟು ಬೂದಿಬಣ್ಣಕ್ಕೆ ತಂದ ಕಾಲದಲ್ಲಿಯೂ ಕಡುಹಸುರಾಗಿ ನಿಂತು ಗೊಂಚಲು ಗೊಂಚಲಾಗಿ ಕಾಯಿ ಹೊರುವ ಮುಳ್ಳುಗಿಡವೇ ಕವಳಿ. ಶೀತದೇಶಗಳ ಗೃಹಿಣಿಯರು ಅಡುಗೆಗೆಂದೇ ಹಿತ್ತಲಲ್ಲಿ ಬೆಳೆಸುವ ಹುಳಿ ಚೆರಿಯ ಮರಕ್ಕೆ ದೀರ್ಘವಾದ ಚಳಿಗಾಲದ ವಿಶ್ರಾಂತಿ ಅವಶ್ಯವಾದುದರಿಂದ ನಮ್ಮ ಬಯಲುಸೀಮೆಯಲ್ಲಿ ಅದು ಫಲಿಸದು. ಆ ಸ್ಥಾನವನ್ನು ಇಲ್ಲಿ ಕವಳಿಯೇ ತುಂಬಿಕೊಟ್ಟಿದೆ. ಬೇಕರಿಯ ಕೇಕುಗಳ ಮೇಲೆ ಹೊಳೆಯುವ ಕೆಂಪು ಚೆರಿಯೂ ಅನೇಕ ವೇಳೆ ಬಣ್ಣ ಹಾಕಿ ಸಕ್ಕರೆಪಾಕದಲ್ಲಿ ಅದ್ದಿದ ಕವಳಿಕಾಯಿಯೇ ಆಗಿರುತ್ತದೆ.

ಕವಳಿಯ ಈ ಹುಳಿಯ ವಂಶ ಬಹು ಪ್ರಾಚೀನವಾದುದು. ಚರಕಸಂಹಿತೆ ಇದನ್ನು ಕರಮರ್ದವೆಂದು ಕರೆದು ಆಮ್ಲದ್ರವ್ಯಗಳ ಸಾಲಿನಲ್ಲಿ ಎಣಿಸಿದೆ. ಅಮರಕೋಶದ ವನೌಷಧಿವರ್ಗದಲ್ಲಿಯೂ ಇದಕ್ಕೆ ಸ್ಥಾನವಿದೆ. ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರುಗಳೆಂದು ಈ ನಾಡು ಪ್ರಸಿದ್ಧವಾಗಿದ್ದ ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ವೃಕ್ಷಾಯುರ್ವೇದವನ್ನೂ ಸೂಪಶಾಸ್ತ್ರವನ್ನೂ ಒಂದೇ ಗ್ರಂಥದಲ್ಲಿ ಸೇರಿಸಿಕೊಂಡಿದೆ. ಗಿಡವನ್ನು ಸಲಹುವ ವಿದ್ಯೆಯೂ ಅದರ ಕಾಯನ್ನು ಪಾಕಕ್ಕೆ ತರುವ ವಿದ್ಯೆಯೂ ಗೃಹಸ್ಥನಿಗೆ ಒಟ್ಟಿಗೇ ಬೇಕಾದವು ಎಂಬ ಆ ತಿಳಿವಳಿಕೆ ನನಗೆ ಅತ್ಯಂತ ಪ್ರಿಯವಾದುದು. ಮೆಣಸಿನಕಾಯಿಯಾದರೋ ಪೋರ್ಚುಗೀಸರ ಹಡಗುಗಳಲ್ಲಿ 16ನೆಯ ಶತಮಾನದಲ್ಲಿ ಬಂದುದು. ಇಂದು ಬ್ಯಾಡಗಿಯ ಖಾರವಿಲ್ಲದೆ ಕವಳಿಯ ಉಪ್ಪಿನಕಾಯಿಯನ್ನು ನಾವು ಊಹಿಸಲಾರೆವಾದರೂ, ಆ ಖಾರಕ್ಕಿಂತ ಈ ಹುಳಿ ಎಷ್ಟೋ ಶತಮಾನಗಳಷ್ಟು ಹಿರಿಯದು.

ಹಣ್ಣಾಗಿ ಕಪ್ಪಾದುದು ಮಕ್ಕಳ ಪಾಲು; ಅಡುಗೆಯ ಮನೆಗೆ ಬೇಕಾದುದು ಇನ್ನೂ ಹಸುರು ಬಿಡದ, ಒಂದು ಮಗ್ಗುಲಲ್ಲಿ ಮಾತ್ರ ನಸುಗೆಂಪೇರಿದ ಗಟ್ಟಿಗಾಯಿ. ಕಿತ್ತೊಡನೆ ತೊಟ್ಟಿನಿಂದ ಹಾಲಿನಂಥ ಸೊನೆ ಒಸರಿ ಬೆರಳಿಗೆ ಅಂಟುವುದರಿಂದ, ಕಾಯನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಉಪ್ಪುನೀರಿನಲ್ಲಿ ಬಿಟ್ಟು ತೊಳೆಯಬೇಕು. ಅನಂತರ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ತುಸು ಬೆಲ್ಲದೊಡನೆ ಒಳಕಲ್ಲಿನಲ್ಲಿ ಕುಟ್ಟಿದರೆ, ಬಿಸಿ ಜೋಳದ ರೊಟ್ಟಿಗೆ ಅದಕ್ಕಿಂತ ಮಿಗಿಲಾದ ಚಟ್ನಿ ಬೇರೊಂದಿಲ್ಲ. ಮೆಂತ್ಯ, ಇಂಗು, ಸಾಸಿವೆಗಳೊಡನೆ ಭರಣಿ ಸೇರಿದ ಹೋಳುಗಳು ವರ್ಷವಿಡೀ ಊಟಕ್ಕೆ ಒದಗುತ್ತವೆ.

ಕವಳಿಗೆ ಹಿತ್ತಲಲ್ಲಿ ಪ್ರತ್ಯೇಕ ಪಾತಿ ಬೇಕಿಲ್ಲ. ಜೋಡಿಮುಳ್ಳಿನ ಅದರ ಕೊಂಬೆಗಳು ಹೆಣೆದುಕೊಂಡು ತಾವೇ ಬೇಲಿಯಾಗಿ ಆಡು ಎಮ್ಮೆಗಳನ್ನು ತಡೆಯುತ್ತವೆ. ಮಲ್ಲಿಗೆಯನ್ನು ಹೋಲುವ ಬಿಳಿ ಹೂವು ಪರಿಮಳವನ್ನೂ ಕೊಡುತ್ತದೆ. ಇಷ್ಟಾದರೂ ಪೇಟೆಯ ಬೆಳೆಗೆ ಸಿಕ್ಕ ಆಸರೆ ಇದಕ್ಕೆ ಸಿಗಲಿಲ್ಲ. 19ನೆಯ ಶತಮಾನದಲ್ಲಿ ಆಂಗ್ಲ ಸರಕಾರ ಅಮೆರಿಕದ ಹತ್ತಿಯ ಬೀಜವನ್ನು ಧಾರವಾಡ ಸೀಮೆಗೆ ತರಿಸಿ ಪ್ರಚಾರ ಮಾಡಿತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದಿತು. ಎರೆಭೂಮಿಯ ಹತ್ತಿಗೆ ದೂರದೇಶದ ಪೇಟೆ ದೊರಕಿತು. ಆದರೆ ಕವಳಿಯ ಪರವಾಗಿ ಯಾವ ಸರಕಾರವೂ ಮಾತನಾಡಲಿಲ್ಲ. ಒಡ್ಡು ಬದುಗಳಲ್ಲಿ, ಕಾಸು ತರದ ಗಿಡವಾಗಿ ಅದು ಹೆಂಗಸರ ಮತ್ತು ಮಕ್ಕಳ ಪ್ರೀತಿಯಿಂದಲೇ ಉಳಿದುಬಂದಿತು. ಮುಳ್ಳುತಂತಿಯೂ ಸಿಮೆಂಟಿನ ಕಾಂಪೌಂಡೂ ಬಂದ ಮೇಲೆ ಆ ಆಶ್ರಯವೂ ಕುಗ್ಗಿತು. ಬೇಲಿ ಹೋದುದರ ಜೊತೆಗೆ ಒಂದು ಫಲವೃಕ್ಷವೂ ಹೋಯಿತೆಂಬುದನ್ನು ನಾವು ಗಮನಿಸದೆ ಹೋದುದು ನಿಜವಾದ ನಷ್ಟ.

ಗುಡ್ಡದ ಮೇಲಿನ ಕವಳಿಗಾದರೋ ಈಗ ಆಶ್ರಯವಿದೆ. 2019ರಲ್ಲಿ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವೆಂದು ಘೋಷಿತವಾಯಿತು; ಗಣಿಗಾರಿಕೆಯ ವಿರುದ್ಧ ಈ ಭಾಗದ ಜನರೂ ಮಠಾಧಿಪತಿಗಳೂ ಹೋರಾಡಿ ಪಡೆದ ಆ ರಕ್ಷಣೆ ಸರ್ವಥಾ ಯೋಗ್ಯವಾದುದು. ಗುಡ್ಡದ ಹಣ್ಣು ಇನ್ನು ಹಕ್ಕಿ, ನರಿಗಳಿಗಿರಲಿ. ನಮ್ಮ ಪಾಲಿನದನ್ನು ನಾವು ಮನೆಯ ಅಂಗಳದಲ್ಲಿಯೇ ಬೆಳೆದುಕೊಳ್ಳುವುದು ನ್ಯಾಯ. ಕವಳಿಯ ಬೀಜ ಬಹುಕಾಲ ಜೀವ ಹಿಡಿದಿರದು; ಆದುದರಿಂದ ಪೂರ್ಣ ಮಾಗಿದ ಹಣ್ಣಿನಿಂದ ತೆಗೆದ ಕೂಡಲೇ ಮಳೆಗಾಲದಲ್ಲಿ ಬಿತ್ತಬೇಕು. ಮೊದಲೆರಡು ಬೇಸಿಗೆ ನೀರು ಕೊಟ್ಟರೆ, ಮೂರನೆಯ ವರ್ಷದ ಹೊತ್ತಿಗೆ ಗಿಡ ಕಾಯಿಗೆ ಬರುತ್ತದೆ. ಲಕ್ಷ್ಮೇಶ್ವರದಲ್ಲಾಗಲಿ ಬೆಟಗೇರಿಯಲ್ಲಾಗಲಿ ಮನೆಯ ಹಿಂದೆ ಅಂಗೈಯಗಲ ಮಣ್ಣುಳಿಸಿಕೊಂಡವರು ಬರುವ ಮುಂಗಾರಿಗೆ ಒಂದು ಕವಳಿಯನ್ನು ನೆಡಬೇಕೆಂದು ನನ್ನ ವಿನಂತಿ.